ಬ್ಲೂಟೂತ್ ಸಂದೇಶದ ಪಾಠವಿಚಾರ

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಯ ಕಾಫಿತೋಟಗಳಲ್ಲಿ ಮಳೆಯ ಲೆಕ್ಕವೆಂಬುದು ಕೇವಲ ಕುತೂಹಲದ ವಿಷಯವಲ್ಲ. ಬೇಸಗೆಯ ಹೂಮಳೆ ಸುಮಾರು ಒಂದು ಅಂಗುಲ, ಎಂದರೆ 25.4 ಮಿಲಿಮೀಟರಿನಷ್ಟು ಬಿದ್ದರೆ ರೊಬಸ್ಟಾ ಗಿಡ ಚೆನ್ನಾಗಿ ಹೂವಾಗುತ್ತದೆ. ಐದಾರು ಮಿಲಿಮೀಟರು ಬಿದ್ದು ನಿಂತುಹೋದರೆ ಮೊಗ್ಗು ಸರಿಯಾಗಿ ಅರಳದೆ ಕೆಡುವ ಸಂಭವವುಂಟು. ಆಗ ಬೆಳೆಗಾರನು ಸ್ಪ್ರಿಂಕ್ಲರಿನಿಂದ ಕೊರತೆಯನ್ನು ತುಂಬಬೇಕಾಗುತ್ತದೆ. ಆದುದರಿಂದ ಮಳೆಮಾಪಕದ ಅಂಕಿಯನ್ನು ಮೊಬೈಲಿನಲ್ಲಿ ತೋರಿಸುವ ಆ್ಯಪ್ ಆ ಅಂಕಿಯನ್ನು ಹೇಗೆ ಓದುತ್ತದೆ ಎಂಬುದನ್ನು ವಿಮರ್ಶಿಸುವುದು ಅನುಚಿತವಾಗಲಾರದು.

ಇಂತಹ ಮಾಪಕದ ರಚನೆ ಸರಳವಾದುದು. ನೀರು ತುಂಬಿದಂತೆಲ್ಲ ಪುಟ್ಟ ಬಟ್ಟಲೊಂದು ಮಗುಚುತ್ತದೆ. ಮಗುಚಿದ ಸಲಗಳನ್ನು ಮೈಕ್ರೊಕಂಟ್ರೋಲರ್ ಎಣಿಸಿ, ಮೊತ್ತವನ್ನು ಬ್ಲೂಟೂತ್ ಮೂಲಕ ಕಳುಹಿಸುತ್ತದೆ. ಮೊಬೈಲ್ ಜಾಲವು ಸಿಕ್ಕದ ಕಣಿವೆಯಲ್ಲಿಯೂ ಇದು ನಡೆಯುತ್ತದೆಂಬುದೇ ಇದರ ಹೆಚ್ಚುಗಾರಿಕೆ. ಇದರ ವ್ಯಾಪ್ತಿ ಚಿಕ್ಕದು. ನೆನೆದ ಎಲೆಗಳೂ ಗೋಡೆಗಳೂ ಅದನ್ನು ಇನ್ನಷ್ಟು ಕುಗ್ಗಿಸುತ್ತವೆ.

ಹೊಸಬರು ಬರೆಯುವ ಆ್ಯಪ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ಕ್ರಮವು ಹೀಗಿದೆ: ಸೆಕೆಂಡಿಗೊಮ್ಮೆ ನೋಡಿ, ಅಷ್ಟರಲ್ಲಿ ಬಂದುದನ್ನೆಲ್ಲ ಒಂದು ಪೂರ್ಣ ಸಂದೇಶವೆಂದು ಭಾವಿಸಿ ತೆರೆಯ ಮೇಲೆ ತೋರಿಸುವುದು. ಇದು ಗ್ರಾಹ್ಯವಲ್ಲ. ಸಂದೇಶವು ಬಂದಿತೆಂಬುದು ಒಂದು, ಪೂರ್ಣವಾಗಿ ಬಂದಿತೆಂಬುದು ಇನ್ನೊಂದು. ಹಳೆಯ ಬಗೆಯ, ಎಂದರೆ ಎಚ್‌ಸಿ-05ರಂತಹ ಘಟಕಗಳ ಸಂಪರ್ಕದಲ್ಲಿ ಅಕ್ಷರಗಳು ಹೊನಲಿನಂತೆ ಕ್ರಮವಾಗಿ ಬರುತ್ತವೆಯೇ ಹೊರತು ಸಂದೇಶಗಳ ನಡುವೆ ಎಲ್ಲೆಗಳಿರುವುದಿಲ್ಲ. 25.4 ಎಂಬುದು ಮೊದಲು 2 ಎಂದೂ ಮರುಗಳಿಗೆಯಲ್ಲಿ 5.4 ಎಂದೂ ಬರಬಹುದು. ಬೆಳೆಗಾರನು 5.4ನ್ನು ನಂಬಿ ಬೇಡದ ನೀರನ್ನು ಹಾಯಿಸುತ್ತಾನೆ. ಬ್ಲೂಟೂತಿನ ರೇಡಿಯೋ ಪದರವು ತನ್ನ ತಪ್ಪುಗಳನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಇಲ್ಲಿಯ ದೋಷವಿರುವುದು ಓದುವ ರೀತಿಯಲ್ಲಿ.

2010ರ ನಾಲ್ಕನೆಯ ಆವೃತ್ತಿಯೊಡನೆ ಬಂದ ಅಲ್ಪಶಕ್ತಿಯ ಬ್ಲೂಟೂತಿನಲ್ಲಿ ತೊಡಕು ಬೇರೆ ಬಗೆಯದು. ಎರಡು ಕಡೆಯವೂ ಹೆಚ್ಚಿನ ಅಳತೆಗೆ ಒಪ್ಪಿಕೊಳ್ಳದಿದ್ದರೆ ಒಂದು ಸಲದ ಸೂಚನೆಯಲ್ಲಿ 20 ಬೈಟುಗಳು ಮಾತ್ರ ಹಿಡಿಯುತ್ತವೆ, ಮಿಕ್ಕುದು ಕತ್ತರಿಸಿಹೋಗುತ್ತದೆ. ಕನ್ನಡಕ್ಕೆ ಇದು ವಿಶೇಷವಾಗಿ ಬಾಧಕ. ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಮೂಲಾಕ್ಷರಕ್ಕೂ ಪ್ರತಿಯೊಂದು ಸ್ವರಚಿಹ್ನೆಗೂ ಮೂರು ಮೂರು ಬೈಟುಗಳು. ‘ಕಳಸ’ ಎಂಬುದು 9 ಬೈಟು, ಅಂತರವನ್ನೂ 25.4ನ್ನೂ ಸೇರಿಸಿದರೆ 14. ಸಂದೇಶವು ಸುರಕ್ಷಿತ. ‘ಮೂಡಿಗೆರೆ’ ಎಂಬ ಹೆಸರೊಂದೇ 24 ಬೈಟು. ‘ಮೂಡಿಗೆ’ ಎಂಬಷ್ಟೇ ಉಳಿದು, ಮುಂದಿನ ‘ರ’ಕಾರವು ನಡುವೆ ಮುರಿದು, ಮಳೆಯ ಅಂಕಿ ಪೂರ್ತಿಯಾಗಿ ಲೋಪವಾಗುತ್ತದೆ. ಕಳಸದ ಹೆಸರಿನಿಂದ ಪರೀಕ್ಷಿಸಿದವನಿಗೆ ಈ ದೋಷವು ಗೋಚರಿಸುವುದೇ ಇಲ್ಲ! ಹೊಸ ಫೋನುಗಳು ದೊಡ್ಡ ಅಳತೆಯನ್ನು ಒಪ್ಪುತ್ತವೆಂದು ಸಮಾಧಾನ ಹೇಳಬಹುದು. ಆದರೆ ಒಪ್ಪಿದ ಅಳತೆ ಎಷ್ಟೆಂಬುದನ್ನು ತಿಳಿದುಕೊಳ್ಳದೆ ಕಳುಹಿಸುವುದು ಊಹೆಯೇ ಸರಿ.

ಪರಿಹಾರವು ಕಠಿಣವಲ್ಲ. ಹೊನಲಿನ ಬಗೆಯಲ್ಲಿ ಪ್ರತಿ ಸಂದೇಶದ ಕೊನೆಗೂ ಸಾಲು ಮುಗಿಯುವ ಚಿಹ್ನೆಯನ್ನಿಟ್ಟು, ಅದು ಬರುವವರೆಗೆ ತುಣುಕುಗಳನ್ನು ಕೂಡಿಸಿಟ್ಟು, ಆಮೇಲೆ ಮಾತ್ರ ಅಕ್ಷರವಾಗಿ ಓದತಕ್ಕದ್ದು. ಅಲ್ಪಶಕ್ತಿಯ ಬಗೆಯಲ್ಲಿ ಊರಿನ ಹೆಸರನ್ನು ಆ್ಯಪ್‌ನಲ್ಲಿಯೇ ಇರಿಸಿಕೊಂಡು, ಮಳೆಯನ್ನು ಮಿಲಿಮೀಟರಿನ ಹತ್ತನೆಯ ಭಾಗಗಳ ಎಣಿಕೆಯಾಗಿ, 254 ಎಂದು, ಎರಡೇ ಬೈಟುಗಳಲ್ಲಿ ಕಳುಹಿಸಬಹುದು. ಯಾವ ಬೈಟು ಮೊದಲೆಂಬುದು ಇಬ್ಬರಿಗೂ ನಿಶ್ಚಿತವಾಗಿರಬೇಕು. ತಿರುವುಮುರುವಾದರೆ ಅದು 65024 ಆಗಿ, 6502.4 ಮಿಲಿಮೀಟರು ಮಳೆಯನ್ನು ತೋರಿಸುತ್ತದೆ. ಇಂತಹ ತಪ್ಪನ್ನು ಯಾವ ಬೆಳೆಗಾರನೂ ನಂಬುವುದಿಲ್ಲ. ನಂಬತಕ್ಕಂತಿರುವ 5.4 ಅದಕ್ಕಿಂತಲೂ ಅಪಾಯಕರವೆಂಬುದನ್ನು ಗಮನಿಸಬೇಕು.

ಕೊನೆಯದಾಗಿ, ಶೂನ್ಯಕ್ಕೂ ಅಭಾವಕ್ಕೂ ಇರುವ ಭೇದ. ಸಂಪರ್ಕವು ಕಡಿದಾಗ ಅನೇಕ ಆ್ಯಪ್‌ಗಳು 0 ಎಂದು ತೋರಿಸುತ್ತವೆ. ಮಳೆ ಬರಲಿಲ್ಲವೆಂಬುದೂ ವರದಿ ಬರಲಿಲ್ಲವೆಂಬುದೂ ಒಂದೇ ಅಲ್ಲ. ಸಂದೇಶಗಳಿಗೆ ಕ್ರಮಸಂಖ್ಯೆಯನ್ನು ಕೊಟ್ಟರೆ ನಡುವೆ ತಪ್ಪಿದವು ಎಷ್ಟೆಂಬುದು ತಿಳಿಯುತ್ತದೆ. ಬಿಡಿ ಮಳೆಯ ಬದಲು ಒಟ್ಟು ಮೊತ್ತವನ್ನು ಕಳುಹಿಸಿದರೆ ತಪ್ಪಿದುದನ್ನು ಮುಂದಿನ ಸಂದೇಶವು ತುಂಬಿಕೊಡುತ್ತದೆ. ಓಲೆಯ ಪ್ರತಿಯಲ್ಲಿ ಹುಳು ತಿಂದ ಭಾಗವನ್ನು ಸಂಪಾದಕನು ‘ತ್ರುಟಿತ’ವೆಂದು ಗುರುತಿಸುತ್ತಾನಲ್ಲದೆ ತಾನೇ ಒಂದು ಪಾಠವನ್ನು ಕಟ್ಟುವುದಿಲ್ಲ. ಆ್ಯಪ್ ಬರೆಯುವವನಿಗೂ ಆ ಪ್ರಾಮಾಣಿಕತೆ ಸಲ್ಲುತ್ತದೆ.