ಬಿಸಿನೀರಲ್ಲಿ ಬಾಯಿ ಬಿಡುವ ಬಿಲ್ಲೆ

ಪಾವಗಡ, ಶಿರಾ ಕಡೆಯ ಬಿಸಿಲಿಗೆ ಇಂಜಿನ್ ಕಾದರೆ ಮೊದಲು ಬೈಸಿಕೊಳ್ಳುವುದು ಥರ್ಮೋಸ್ಟಾಟ್. ‘ನಮ್ಮ ಕಡೆಗೆ ಇದು ಬೇಡ ಬಿಡಿ ಸಾರ್’ ಎಂದು ಕಿತ್ತೆಸೆಯುವ ಮೆಕ್ಯಾನಿಕ್‌ಗಳೂ ಉಂಟು. ನಾನಂತೂ ಅದರ ಪರ. ಅದಿಲ್ಲದ ಗಾಡಿಯಲ್ಲಿ ಮಾಗಿಯ ಬೆಳಗ್ಗೆ ಕೊರಟಗೆರೆ ಬಿಟ್ಟರೆ, ಮಧುಗಿರಿಯ ಏಕಶಿಲಾ ಬೆಟ್ಟ ಕಣ್ಣಿಗೆ ಬಿದ್ದರೂ ಹೀಟರ್ ತಣ್ಣಗೇ ಊದುತ್ತಿರುತ್ತದೆ, ಡೀಸೆಲ್ಲೂ ದಂಡ.

ಅಂಗೈಯಗಲದ ಈ ಬಿಲ್ಲೆಗೆ ವೈರಿಲ್ಲ, ಬ್ಯಾಟರಿಯಿಲ್ಲ. ನಡುವಿನ ಪುಟ್ಟ ಲೋಹದ ಬಟ್ಟಲಲ್ಲಿ ಮೇಣ, ಅಷ್ಟೆ. ಸುಮಾರು 82 ಡಿಗ್ರಿಗೆ ಮೇಣ ಕರಗಿ, ಹಿಗ್ಗಿ, ಕಡ್ಡಿಯನ್ನು ತಳ್ಳುತ್ತದೆ. ಕವಾಟ ತೆರೆದು ನೀರು ರೇಡಿಯೇಟರಿಗೆ ಹರಿಯುತ್ತದೆ. ಆರಿದರೆ ಸ್ಪ್ರಿಂಗ್ ಮುಚ್ಚುತ್ತದೆ. ಎಂಥ ಅಚ್ಚುಕಟ್ಟು! ತೆರೆದೋ ಮುಚ್ಚಿಯೋ ಸಿಕ್ಕಿಕೊಂಡರೆ ಮಾತ್ರ ಬದಲಿಸಬೇಕು.

ಇಂಜಿನ್ ಪೂರ್ತಿ ಆರಿದ ಮೇಲೆಯೇ ಕೈ ಹಾಕಿ. ಎಷ್ಟೋ ಹಳೆ ಗಾಡಿಗಳಲ್ಲಿ ಅದರ ಮುಚ್ಚಳಕ್ಕೆ ಎರಡೇ ಬೋಲ್ಟು. ಅಂಟಿದ ಗ್ಯಾಸ್ಕೆಟ್ ಕೆರೆಯುವುದೇ ದೊಡ್ಡ ಕೆಲಸ. ಹೊಸದನ್ನು ಕೂರಿಸುವ ಮುನ್ನ ದಾರ ಕಟ್ಟಿ ಕುದಿಯುವ ನೀರಿಗೆ ಇಳಿಬಿಡಿ (ಅಡುಗೆಮನೆಯ ಪಾತ್ರೆ ಬೇಡ, ಬೈಗುಳ ತಪ್ಪದು). ಕವಾಟ ಮೆಲ್ಲಗೆ ಬಾಯಿ ಬಿಡುವುದನ್ನು ನೋಡುವ ಸುಖವೇ ಬೇರೆ. ಸ್ಪ್ರಿಂಗ್ ಇಂಜಿನ್ ಕಡೆಗಿರಲಿ. ಕೂಲೆಂಟ್ ತುಂಬಿ ಗಾಳಿ ಬಿಡಿಸಿ. ಇಲ್ಲಿನ ಗಡಸು ಬೋರ್‌ವೆಲ್ ನೀರನ್ನಂತೂ ಸುರಿಯಬೇಡಿ. ಹಂಡೆಯ ತಳಕ್ಕೆ ಕಟ್ಟುವ ಬಿಳಿ ಪೊರೆಯೇ ರೇಡಿಯೇಟರಿನ ಕೊಳವೆಗೂ ಕಟ್ಟುತ್ತದೆ.