ಸೊನ್ನೆಯಲ್ಲ, ಇಲ್ಲ

ಬುಕ್ಕಸಾಗರ ತುಂಗಭದ್ರಾ ಅಣೆಕಟ್ಟಿನ ಕೆಳಗಿನ ಹೊಳೆದಂಡೆಯ ಊರು. ಮಳೆಗಾಲದಲ್ಲಿ ಇಂಥ ಊರುಗಳಿಗೆ ಬೇಕಾದದ್ದು ಒಂದೇ ಲೆಕ್ಕ: ಡ್ಯಾಮಿನಿಂದ ಎಷ್ಟು ಕ್ಯೂಸೆಕ್ ಬಿಟ್ಟಿದ್ದಾರೆ? ಲಕ್ಷದ ಆಸುಪಾಸಿಗೆ ಬಂದರೆ ಹಂಪಿಯ ಪುರಂದರ ಮಂಟಪ ಮುಳುಗಿರುತ್ತದೆ. ಕಂಪ್ಲಿ ಸೇತುವೆಯ ಮೇಲೂ ನೀರು ಹರಿದದ್ದುಂಟು. ಈ ಅಂಕಿಯನ್ನು ಊರವರ ಮೊಬೈಲಿಗೆ ಕಳಿಸಲು ಪುಟ್ಟ ಪ್ರೋಗ್ರಾಂ ಬರೆದಿರಿ ಎನ್ನೋಣ. ಒಂದು ಬೆಳಿಗ್ಗೆ ಅಂಕಿಯೇ ಬರಲಿಲ್ಲ. ಆ ಜಾಗದಲ್ಲಿ ಏನಿಡುತ್ತೀರಿ?

ಸೊನ್ನೆ ಇಟ್ಟಿರೋ, ಕೆಟ್ಟಿರಿ. ನೀರು ಬಿಟ್ಟಿಲ್ಲವೆಂದು ನಂಬಿ ಯಾರಾದರೂ ಹರಿಗೋಲು ಇಳಿಸಿಯಾರು. ನಲ್, ಅಂದರೆ ‘ಇಲ್ಲಿ ಏನೂ ಇಲ್ಲ’ ಎಂಬ ಗುರುತು, ಇಡಬಹುದು. 1965ರಲ್ಲಿ ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್ ಅದನ್ನು ಆಲ್ಗಾಲ್ ಡಬ್ಲ್ಯೂ ಭಾಷೆಗೆ ಸೇರಿಸಿದ್ದು, ಅಳವಡಿಸುವುದು ಬಲು ಸಲೀಸು ಎಂಬ ಆಸೆಗೆ. 2009ರಲ್ಲಿ ತಾವೇ ಅದನ್ನು ನೂರು ಕೋಟಿ ಡಾಲರಿನ ತಪ್ಪು ಎಂದರು. ನಲ್ ಹೊತ್ತ ಹೆಸರು ಹೊರಗೆ ‘ಇದ್ದೇನೆ’ ಎನ್ನುತ್ತದೆ, ಮುಟ್ಟಿದರೆ ಪ್ರೋಗ್ರಾಂ ಮುಗ್ಗರಿಸುತ್ತದೆ. ಸೊನ್ನೆಗಿಂತ ಅದೇ ವಾಸಿ ಎಂಬುದು ನನ್ನ ಎಣಿಕೆ. ಬಿದ್ದದ್ದಾದರೂ ಕಾಣುತ್ತದಲ್ಲ!

ನಿಧಾನವಾಗಿ ಸವಿಯಬೇಕಾದದ್ದು ಆಪ್ಷನಲ್. ಎಂಎಲ್, ಹ್ಯಾಸ್ಕೆಲ್ ಭಾಷೆಗಳಲ್ಲಿ ಹಳೆಯದಾಗಿದ್ದ ಈ ಬಗೆ ಜಾವಾಕ್ಕೆ ಬಂದದ್ದು 2014ರಲ್ಲಿ, ಎಂಟನೆಯ ಆವೃತ್ತಿಯೊಂದಿಗೆ. ಇದೊಂದು ಡಬ್ಬಿ: ಒಳಗೆ ಅಂಕಿ ಇದ್ದೀತು, ಇಲ್ಲದೆಯೂ ಇದ್ದೀತು, ಹಾಗೆಂದು ಮುಚ್ಚಳದ ಮೇಲೇ ಬರೆದಿದೆ. ತೆರೆಯದೆ ಕೂಡಲು ಕಳೆಯಲು ಹೋದರೆ ಕಂಪೈಲರ್ ಒಪ್ಪುವುದಿಲ್ಲ. ಇದರ ಸೊಗಸು ‘ಮ್ಯಾಪ್’ನಲ್ಲಿದೆ. 11,574 ಕ್ಯೂಸೆಕ್ ದಿನವಿಡೀ ಹರಿದರೆ ಒಂದು ಟಿಎಂಸಿ. ಕ್ಯೂಸೆಕ್ಕನ್ನು ಟಿಎಂಸಿಗೆ ತಿರುಗಿಸುವ ಆ ಭಾಗಾಕಾರವನ್ನು ಮ್ಯಾಪ್‌ಗೆ ಕೊಟ್ಟು ಸುಮ್ಮನಾಗಿ. ಅಂಕಿ ಇದ್ದರೆ ಲೆಕ್ಕ ನಡೆಯುತ್ತದೆ, ಇಲ್ಲದಿದ್ದರೆ ಇಲ್ಲವೆಂಬುದೇ ಮುಂದಿನ ಮೆಟ್ಟಿಲಿಗೆ ಸಾಗುತ್ತದೆ. ನಡುವೆ ಒಂದೂ ‘ಇಫ್’ ಬೇಡ. ಕೊನೆಗೆ ಒಂದೇ ಕಡೆ ಉತ್ತರ ಹೇಳಿದರೆ ಸಾಕು: ‘ಮಾಹಿತಿ ಬಂದಿಲ್ಲ, ಹೊಳೆಗೆ ಇಳಿಯಬೇಡಿ.’

ಕರೆದಾಗ ಓಗೊಟ್ಟು ಏನೂ ಮಾಡದಿರುವ ‘ನಲ್ ಆಬ್ಜೆಕ್ಟ್’ ಎಂಬ ಜಾಣತನವೂ ಇದೆ. ಲಾಗ್ ಬರೆಯುವಂಥ ಕೆಲಸಕ್ಕೆ ಚೆಂದವೇ. ನೀರಿನ ಲೆಕ್ಕಕ್ಕೆ ಬೇಡ, ಅದೂ ಸೊನ್ನೆಯ ಇನ್ನೊಂದು ವೇಷ.

ಜಾವಾದಲ್ಲಿ ಒಂದು ಕೊಂಕು ಉಳಿದಿದೆ: ಡಬ್ಬಿ ಇರಬೇಕಾದಲ್ಲೇ ನಲ್ ಕೂತಿರಬಹುದು. ಕಾಟ್ಲಿನ್ ಭಾಷೆ ಡಬ್ಬಿಯನ್ನೇ ಬಿಟ್ಟಿತು. ‘ಇಂಟ್’ ಎಂದರೆ ಅಂಕಿ ಇದ್ದೇ ಇದೆ, ‘ಇಂಟ್?’ ಎಂದರೆ ಇಲ್ಲದೆಯೂ ಇದ್ದೀತು. ಒಂದು ಪ್ರಶ್ನಾರ್ಥಕ ಚಿಹ್ನೆ, ಅಷ್ಟೇ. ಅದಕ್ಕೆ ಉತ್ತರ ಕೊಡದೆ ಆ ಅಂಕಿ ಲಕ್ಷಕ್ಕಿಂತ ಹೆಚ್ಚೇ ಎಂದು ಹೋಲಿಸಲೂ ಬಿಡುವುದಿಲ್ಲ.