ಖಾಲಿ ವ್ಯಾಗನ್ನಿನ ತೊನೆತ

ಮುಂಬಯಿ ಬಳಿಯ ಕೋಪರ್ ನಿಲ್ದಾಣದ ಮೇಲಿನ ಪ್ಲಾಟ್‌ಫಾರ್ಮಿನಲ್ಲಿ ನಿಂತರೆ ದಿವಾ–ವಸಾಯಿ ಮಾರ್ಗದ ಗೂಡ್ಸ್ ಗಾಡಿಗಳು ಕೈಗೆಟಕುವಷ್ಟು ಹತ್ತಿರದಲ್ಲಿ ಹಾಯುತ್ತವೆ. ತುಂಬಿದ್ದು ನೆಲ ಅದುರಿಸಿಕೊಂಡು ನೆಟ್ಟಗೆ ಹೋಗುತ್ತದೆ. ಖಾಲಿಯದು ಒಂದಿಷ್ಟು ವೇಗ ಹಿಡಿದರೆ ಸಾಕು, ಎಡಕ್ಕೂ ಬಲಕ್ಕೂ ತೊನೆಯುತ್ತದೆ. ರೈಲ್ವೆಯವರು ಇದನ್ನು ಹಂಟಿಂಗ್ ಎನ್ನುತ್ತಾರೆ.

ಗಾಲಿಯ ಮೈ ಓರೆಯಾಗಿರುವುದೇ ಇದರ ಮೂಲ. ತಿರುವಿನಲ್ಲಿ ದಾರಿ ತೋರಿಸುವ ಆ ಓರೆಯೇ ನೇರ ಹಳಿಯಲ್ಲಿ ಓಲಾಡಿಸುತ್ತದೆ. 1883ರಲ್ಲಿ ಕ್ಲಿಂಗೆಲ್ ಕೊಟ್ಟ ಸೂತ್ರವನ್ನು ನಮ್ಮ 1676 ಮಿ.ಮೀ. ಹಳಿಗೆ ಹಚ್ಚಿದರೆ, 20ಕ್ಕೆ 1ರ ಓರೆಯಿರುವ, ಒಂದು ಮೀಟರ್ ವ್ಯಾಸದ ಗಾಲಿಯ ಒಂದು ಓಲಾಟ ಮುಗಿಯಲು ಸುಮಾರು 18.5 ಮೀಟರ್ ಬೇಕು. ಗಂಟೆಗೆ 75 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ ಒಂದು ಚಿಲ್ಲರೆ. ಗಾಲಿ ಸವೆದು ಓರೆ ನಾಲ್ಕು ಪಟ್ಟಾದರೆ ಓಲಾಟ ಇಮ್ಮಡಿ ಚುರುಕಾಗುತ್ತದೆ.

ಇದನ್ನು ತಡೆಯಬೇಕಾದದ್ದು ಗಾಲಿಗಳನ್ನು ಹಿಡಿದ ಟ್ರಾಲಿ. ಬಾಕ್ಸ್‌ಎನ್ ಎಂಬ ತೆರೆದ ಸರಕು ವ್ಯಾಗನ್ನಿನ ಕ್ಯಾಸ್ನಬ್ ಟ್ರಾಲಿಯೆಂದರೆ ಎರಕದ ಎರಡು ಪಕ್ಕದ ಚೌಕಟ್ಟು, ನಡುವೆ ಒಂದು ಅಡ್ಡತೊಲೆ, ಕೆಳಗೆ ಎರಡೂ ಚೌಕಟ್ಟುಗಳನ್ನು ಜೋಡಿಸುವ ಒಂದು ಉಕ್ಕಿನ ಪಟ್ಟಿ, ಅಷ್ಟೆ. ಎಲ್ಲವನ್ನೂ ಬಿಗಿಯಾಗಿ ಬೆಸೆದು ಒಂದಾಗಿಸಿಲ್ಲ. ಹಳಿ ತಗ್ಗುದಿಣ್ಣೆಯಾಗಿದ್ದರೂ ಗಾಲಿಗಳು ಅದನ್ನು ಬಿಟ್ಟು ಮೇಲೇಳುವುದಿಲ್ಲ, ದುರಸ್ತಿಯೂ ಸುಲಭ. ಈ ಸರಳತೆಯನ್ನು ನಾನು ಮೆಚ್ಚುತ್ತೇನೆ. ಆದರೆ ಟ್ರಾಲಿ ಚೌಕಾಕಾರದಲ್ಲಿ ಉಳಿಯುವುದು ಆ ಪಟ್ಟಿಯ ಜೊತೆಗೆ ಬೆಣೆಗಳ ಉಜ್ಜಾಟದ ಬಲದಿಂದ. 81 ಟನ್ನಿನ ತುಂಬಿದ ವ್ಯಾಗನ್ನಿನಡಿ ಬೆಣೆ ಕಚ್ಚಿ ಹಿಡಿಯುತ್ತದೆ. ಖಾಲಿಯಾಗಿ 22.5 ಟನ್ನಿಗಿಳಿದಾಗ ಹಿಡಿತ ಸಡಿಲಿ, ಟ್ರಾಲಿ ಮೂಲೆಗೆ ಎಳೆದಂತೆ ವಾರೆಯಾಗುತ್ತದೆ. ಬೆಣೆ ಸವೆದಿದ್ದರಂತೂ ಕೇಳುವುದೇ ಬೇಡ.

ಈ ತೊನೆತವನ್ನು ತಗ್ಗಿಸಲು, ಗಂಟೆಗೆ 100 ಕಿ.ಮೀ. ವೇಗಕ್ಕೆಂದು ರೂಪಿಸಿದ ಕ್ಯಾಸ್ನಬ್ ಬಗೆಯ ಎಚ್‌ಎಸ್ ಟ್ರಾಲಿಯಲ್ಲಿ ಸ್ಪ್ರಿಂಗಿನ ಸೈಡ್ ಬೇರರ್‌ಗಳು ಸದಾ ವ್ಯಾಗನ್ನಿನ ತಳಕ್ಕೆ ಒತ್ತಿಕೊಂಡಿದ್ದು, ಟ್ರಾಲಿ ಮನಬಂದಂತೆ ತಿರುಗದ ಹಾಗೆ ತಡೆಯುತ್ತವೆ. ನ್ಹಾವಾ ಶೇವಾ ಬಂದರಿನಿಂದ ಕಂಟೇನರ್ ಹೊರುವ ಬಿಎಲ್‌ಸಿ ವ್ಯಾಗನ್ನುಗಳಲ್ಲಿರುವುದೂ ಇದೇ ಉಪಾಯ. ಅಗ್ಗದ ಜಾಣತನ, ಒಪ್ಪಿದೆ. ಆದರೆ ವೇಗವನ್ನು ಬರೆದಿರುವುದು ವ್ಯಾಗನ್ನಿನ ಮಾದರಿಯ ಮೇಲೆ, ಓಡುವುದು ಸವೆದ ವ್ಯಾಗನ್. ಸೈಡ್ ಬೇರರ್, ಬೆಣೆ, ಗಾಲಿ ಮೂರೂ ಒಟ್ಟಿಗೇ ಸವೆಯುತ್ತವಲ್ಲ!

ಮುಂಬಯಿಯ ಸುತ್ತ ಈ ಕೊರತೆ ಕಣ್ಣಿಗೆ ಬೀಳುವುದು ಕಡಿಮೆ. ಲೋಕಲ್‌ಗಳಿಗೆ ದಾರಿ ಬಿಟ್ಟು ಸಿಗ್ನಲ್ಲಿನಲ್ಲಿ ಕಾಯುವ ಗೂಡ್ಸಿಗೆ 100 ಎಲ್ಲಿಂದ ಬರಬೇಕು? ನ್ಹಾವಾ ಶೇವಾದಿಂದ ದೆಹಲಿ ಬಳಿಯ ದಾದ್ರಿಗೆ ಯೋಜಿಸಿರುವ 1506 ಕಿ.ಮೀ. ಪಶ್ಚಿಮ ಸರಕು ಕಾರಿಡಾರಿನ ಮಾತು ಬೇರೆ. ಅಲ್ಲಿ ವ್ಯಾಗನ್ ಗಂಟೆಗಟ್ಟಲೆ ಅದೇ ವೇಗದಲ್ಲಿ ಓಡಬಲ್ಲದು. ಒಮ್ಮೆ ಪೂರ್ತಿ ತಪಾಸಣೆಯಾದ ಕಂಟೇನರ್ ರೇಕು ಸಾವಿರಾರು ಕಿಲೋಮೀಟರ್ ಓಡಿದ ಮೇಲೆಯೇ ಮತ್ತೆ ಅಂಥ ತಪಾಸಣೆಗೆ ನಿಲ್ಲುವುದು. ಹಾಗಿರುವಾಗ ಬೆಣೆಯ ಸವೆತವನ್ನು ಅಳೆದು, ಮಿತಿಯ ಹತ್ತಿರ ಬಂದ ವ್ಯಾಗನ್ನು ಖಾಲಿ ಓಡುವಾಗ ಅದರ ವೇಗವನ್ನಾದರೂ ಇಳಿಸಬೇಕು.